ಕಡಿಮೆ ದರದ ವಿಮಾನದಲ್ಲಿ ಬಿಸಿನೆಸ್ ಕ್ಲಾಸ್: ಕಲಬುರಗಿ, ಬೀದರ್, ಯಾದಗಿರಿಯವರು ಯಾವಾಗ ತಗೋಬೇಕು, ಯಾವಾಗ ಬಿಡಬೇಕು

ಮೊದಲೆಲ್ಲ ಕಡಿಮೆ ದರದ ವಿಮಾನ ಅಂದರೆ ಎಲ್ಲರಿಗೂ ಒಂದೇ ಸೀಟು. ದುಡ್ಡು ಎಷ್ಟೇ ಇದ್ದರೂ ಮೊಣಕಾಲು ಮುಂದಿನ ಸೀಟಿಗೆ ತಾಗಿಸಿಕೊಂಡೇ ಕೂರಬೇಕಿತ್ತು. ಈಗ ಅದೇ ಕಂಪನಿಗಳು ಮುಂದಿನ ಎರಡು ಮೂರು ಸಾಲಿನಲ್ಲಿ ಅಗಲವಾದ ಸೀಟು ಹಾಕಿ ಬಿಸಿನೆಸ್ ಕ್ಲಾಸ್ ಮಾರುತ್ತಿವೆ. ಬೆಲೆ ಸಾಮಾನ್ಯವಾಗಿ ಎಕಾನಮಿಯ, ಅಂದರೆ ಸಾಮಾನ್ಯ ಸೀಟಿನ, ಎರಡು ಮೂರು ಪಟ್ಟು. ಕೊಡೋಣವೋ ಬೇಡವೋ ಎಂಬ ಪ್ರಶ್ನೆ ನಮ್ಮ ಕಡೆ ಮದುವೆ ಮನೆಯಲ್ಲೂ ಬರುತ್ತದೆ, ಗಂಜ್‌ನ ಅಂಗಡಿಯಲ್ಲೂ ಬರುತ್ತದೆ.

ಇದಕ್ಕೆ ದಿಲ್ಲಿ, ಮುಂಬೈಯವರು ಕೊಡುವ ಉತ್ತರ ನಮಗೆ ಹೊಂದುವುದಿಲ್ಲ. ಅವರು ಮನೆಯಿಂದ ಟ್ಯಾಕ್ಸಿ ಹತ್ತಿ ನಿಲ್ದಾಣಕ್ಕೆ ಹೋಗುತ್ತಾರೆ, ಅಷ್ಟೇ. ನಮ್ಮ ಮೂರು ಜಿಲ್ಲೆಯವರಿಗೆ ವಿಮಾನದಲ್ಲಿ ಕೂರುವ ಹೊತ್ತಿಗಿಂತ ವಿಮಾನದವರೆಗೆ ಹೋಗುವ ಹೊತ್ತೇ ಜಾಸ್ತಿ. ಹಾಗಾಗಿ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಒಂದು ಒಂದೂವರೆ ತಾಸಿನ ಹಾರಾಟಕ್ಕೆ ಬಿಸಿನೆಸ್ ಕ್ಲಾಸ್ ಬೇಡ. ಆ ದುಡ್ಡನ್ನು ದಾರಿಗೆ ಖರ್ಚು ಮಾಡಿ, ಒಳ್ಳೆಯ ಕಾರು ತಗೊಳ್ಳಿ, ಬೇಕಾದರೆ ಒಂದು ರಾತ್ರಿ ರೂಮು ಮಾಡಿ. ಹಾರಾಟ ಎರಡೂವರೆ ತಾಸು ಮುಟ್ಟಿದರೆ, ಜೊತೆಗೆ ವಯಸ್ಸಾದವರಿದ್ದರೆ, ಸಾಮಾನು ಭಾರಿ ಇದ್ದರೆ ಆಗ ಮಾತ್ರ ಕೂತು ಲೆಕ್ಕ ಹಾಕಬೇಕು.

ಯಾವ ಕಂಪನಿಯಲ್ಲಿ ಏನು ಸಿಗುತ್ತದೆ

ಹೆಸರು ಒಂದೇ ಆದರೂ ಎಲ್ಲ ಕಡೆ ಸಿಗುವ ಸರಕು ಒಂದೇ ಅಲ್ಲ.

ಇಂಡಿಗೋದವರದು ಸ್ಟ್ರೆಚ್. 2024ರ ನವೆಂಬರ್‌ನಲ್ಲಿ ದಿಲ್ಲಿ–ಮುಂಬೈ ಮಾರ್ಗದಲ್ಲಿ ಶುರುವಾಯಿತು. ಆಗ ಹೇಳಿದ ಆರಂಭದ ಬೆಲೆ 18,018 ರೂಪಾಯಿ. ಏರ್‌ಬಸ್ ಎ321 ವಿಮಾನದ ಮುಂಭಾಗದಲ್ಲಿ 12 ಸೀಟು, ಈ ಕಡೆ ಎರಡು, ಆ ಕಡೆ ಎರಡು. ಹಿಂದೆ 208 ಎಕಾನಮಿ ಸೀಟು. ಆಮೇಲೆ ದಿಲ್ಲಿ–ಬೆಂಗಳೂರು ಸೇರಿದಂತೆ ಇನ್ನಷ್ಟು ದೊಡ್ಡ ಊರುಗಳ ನಡುವೆ ಬಂತು. ಅಂದರೆ ಇಂಡಿಗೋದ ಎಲ್ಲ ವಿಮಾನದಲ್ಲೂ ಇದು ಇಲ್ಲ. ಸಣ್ಣ ಊರುಗಳಿಗೆ ಹಾರುವ ಚಿಕ್ಕ ವಿಮಾನ ಎಟಿಆರ್‌ನಲ್ಲಂತೂ ಇಲ್ಲವೇ ಇಲ್ಲ.

ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನದು ಎಕ್ಸ್‌ಪ್ರೆಸ್ ಬಿಜ್. ಇದರ ಹಿನ್ನೆಲೆ ತಿಳಿದರೆ ಅನುಕೂಲ. ಕಂಪನಿ ತಗೊಂಡ ಬೋಯಿಂಗ್ 737-8 ವಿಮಾನಗಳಲ್ಲಿ ಹಲವು ಬೇರೆ ಕಂಪನಿಗಳಿಗೆ ಅಂತ ತಯಾರಾಗಿದ್ದವು. ಅದರೊಳಗೆ ಮುಂದೆ ಬಿಸಿನೆಸ್ ಸೀಟು ಮೊದಲೇ ಕೂರಿಸಿತ್ತು. ಅದನ್ನೇ ಎಕ್ಸ್‌ಪ್ರೆಸ್ ಬಿಜ್ ಅಂತ ಮಾರಿದರು. ಕಾಲಿಗೆ ಜಾಗ ಬೇಕಾದಷ್ಟು ಇರುತ್ತದೆ. ಆದರೆ ಸೀಟು ಬೆರಳೆಣಿಕೆಯಷ್ಟು, ಅದೂ ಎಲ್ಲ ವಿಮಾನಗಳಲ್ಲಿ ಸಿಗುವುದಿಲ್ಲ. ಸ್ಪೈಸ್‌ಜೆಟ್ ಕಥೆಯೂ ಹೀಗೇ. 2019ರಲ್ಲಿ ಜೆಟ್ ಏರ್‌ವೇಸ್ ನಿಂತ ಮೇಲೆ ಅದು ಹಾರಿಸುತ್ತಿದ್ದ 737ಗಳನ್ನು ಸ್ಪೈಸ್‌ಜೆಟ್ ತಗೊಂಡಿತು, ಅದರಲ್ಲಿದ್ದ ಮುಂದಿನ ಸೀಟುಗಳನ್ನು ಸ್ಪೈಸ್‌ಬಿಜ್ ಎಂದು ಕರೆಯಿತು.

ಇನ್ನು ನಮಗೆ ಹತ್ತಿರದ ಹೆಸರು ಸ್ಟಾರ್ ಏರ್. ಇದು ಪ್ರಾದೇಶಿಕ ಕಂಪನಿ. ಇದರ ಎಂಬ್ರೇಯರ್ ಇ175 ವಿಮಾನದಲ್ಲಿ 76 ಸೀಟು, ಅದರಲ್ಲಿ 12 ಬಿಸಿನೆಸ್, 64 ಎಕಾನಮಿ. ಈ ವಿಮಾನದ ಬಗ್ಗೆ ಬಹಳ ಜನ ಗಮನಿಸದ ಒಂದು ಮಾತಿದೆ. ಎಕಾನಮಿಯಲ್ಲೂ ಈ ಕಡೆ ಎರಡು, ಆ ಕಡೆ ಎರಡು ಸೀಟು, ನಡುವಿನ ಸೀಟೇ ಇಲ್ಲ. ಇಬ್ಬರ ನಡುವೆ ಸಿಕ್ಕಿಹಾಕಿಕೊಳ್ಳುವ ಕಷ್ಟ ತಪ್ಪಲಿ ಅಂತಲೇ ಬಿಸಿನೆಸ್ ಕೊಳ್ಳುವವರು ಜಾಸ್ತಿ ಅಲ್ವಾ? ಇ175ರಲ್ಲಿ ಆ ಕಷ್ಟ ಎಕಾನಮಿಯಲ್ಲೇ ಇಲ್ಲ. ಒಂದು ತಾಸಿನ ಬೆಂಗಳೂರು ದಾರಿಗೆ ಅಲ್ಲಿ ಬಿಸಿನೆಸ್ ಟಿಕೆಟ್‌ಗೆ ದುಡ್ಡು ಹಾಕಲು ನನಗೆ ಮನಸ್ಸು ಬರುವುದಿಲ್ಲ.

ಆಕಾಶ ಏರ್‌ನಲ್ಲಿ ಬಿಸಿನೆಸ್ ಇಲ್ಲ, ಹಾಗಾಗಿ ಅದರ ಮಾತು ಬಿಡೋಣ.

ಸೀಟಿನಲ್ಲಿ ಕೂತಾಗ

ಸ್ಟ್ರೆಚ್ ಸೀಟಿನ ಅಳತೆ ನೋಡಿ. ಒಂದು ಸೀಟಿನಿಂದ ಮುಂದಿನ ಸೀಟಿಗೆ 38 ಇಂಚು. ಅಗಲ 21 ಇಂಚಿಗೂ ಸ್ವಲ್ಪ ಜಾಸ್ತಿ. ಬೆನ್ನು 5 ಇಂಚು ಹಿಂದಕ್ಕೆ ವಾಲುತ್ತದೆ. ಅದೇ ಎಕಾನಮಿಯಲ್ಲಿ ಮುಂದಿನ ಸೀಟಿಗೆ 28ರಿಂದ 30 ಇಂಚು, ಅಗಲ 17 ಇಂಚಿನ ಆಸುಪಾಸು. ಅಂದರೆ ಮೊಣಕಾಲಿಗೆ ಒಂದು ಗೇಣಿನಷ್ಟು ಜಾಗ ಹೆಚ್ಚು, ಹೆಗಲಿಗೆ ನಾಲ್ಕು ಬೆರಳು ಹೆಚ್ಚು. ಎತ್ತರದ ಮನುಷ್ಯನಿಗೆ, ಸೊಂಟ ನೋವಿದ್ದವರಿಗೆ ಇದು ದೊಡ್ಡ ವ್ಯತ್ಯಾಸವೇ.

ಆದರೆ ಇದು ಹಾಸಿಗೆ ಅಲ್ಲ. ಬಿಸಿನೆಸ್ ಕ್ಲಾಸ್ ಅಂದಕೂಡಲೇ ಅಮೆರಿಕಕ್ಕೆ ಹೋಗುವ ವಿಮಾನದ ಚಿತ್ರ ನೋಡಿದವರು ಪೂರ್ತಿ ಮಲಗಬಹುದು ಅಂದುಕೊಳ್ಳುತ್ತಾರೆ. ಇಲ್ಲಿ ಒರಗಬಹುದು, ಕಾಲು ಚಾಚಬಹುದು, ಪಕ್ಕದವರ ಮೊಣಕೈ ತಾಗುವುದಿಲ್ಲ, ಅಷ್ಟೇ. ಸ್ಟ್ರೆಚ್ ಶುರುವಾದಾಗ ನಿಲ್ದಾಣದಲ್ಲಿ ಆರಾಮಾಗಿ ಕಾಯುವ ಕೋಣೆ, ಅಂದರೆ ಲಾಂಜ್, ಟಿಕೆಟ್‌ನಲ್ಲಿ ಸೇರಿರಲಿಲ್ಲ. ಒಬೆರಾಯ್‌ನವರ ಡಬ್ಬಿ ಊಟ, ಕುಡಿಯಲು ಏನಾದರೂ, ಚೆಕ್‌ಇನ್‌ಗೆ ಬೇರೆ ಸಾಲು, ಮೊದಲು ಹತ್ತುವ ಅವಕಾಶ ಇದ್ದವು. ಬುಕ್ ಮಾಡುವ ಮುಂಚೆ ಲಾಂಜ್ ಇದೆಯೋ ಇಲ್ಲವೋ ಅಂತ ಟಿಕೆಟ್‌ನ ವಿವರದಲ್ಲೇ ಓದಿ. ಇಲ್ಲದಿದ್ದರೂ ಚಿಂತೆ ಬೇಡ. ಹಲವು ಬ್ಯಾಂಕ್ ಕಾರ್ಡ್‌ಗಳಲ್ಲಿ ಲಾಂಜ್ ಪ್ರವೇಶ ಇರುತ್ತದೆ, ಅದಕ್ಕೆ ಬಿಸಿನೆಸ್ ಟಿಕೆಟ್ ಬೇಕಿಲ್ಲ. ದೇಶದೊಳಗಿನ ಹಾರಾಟದಲ್ಲಿ ಯಾವ ಕ್ಲಾಸ್‌ನಲ್ಲೂ ಮದ್ಯ ಕೊಡುವುದಿಲ್ಲ, ಅದನ್ನು ನೆಚ್ಚಿಕೊಂಡು ದುಡ್ಡು ಕೊಡುವುದಿದ್ದರೆ ತಿಳಿದಿರಲಿ.

ಊಟಕ್ಕೋಸ್ಕರ ಬಿಸಿನೆಸ್ ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ನಮ್ಮ ಮನೆಯ ಖಡಕ್ ರೊಟ್ಟಿ, ಗಟ್ಟಿ ಪಲ್ಯ ಕೈಚೀಲದಲ್ಲಿ ಒಯ್ಯಬಹುದು, ಯಾರೂ ತಡೆಯುವುದಿಲ್ಲ. ಎಣ್ಣೆ ಜಾಸ್ತಿ ಇರುವ ಉಪ್ಪಿನಕಾಯಿ ಮಾತ್ರ ಕೈಚೀಲದಲ್ಲಿ ಬೇಡ, ತಪಾಸಣೆಯಲ್ಲಿ ತೆಗೆಸುತ್ತಾರೆ.

ಎಕಾನಮಿಯನ್ನೇ ಕಟ್ಟಿಕೊಂಡರೆ

ಹೋಲಿಕೆಯಲ್ಲಿ ಜನ ಎಡವುವುದು ಇಲ್ಲೇ. ಖಾಲಿ ಎಕಾನಮಿ ಟಿಕೆಟ್‌ನ ಬೆಲೆಯನ್ನು ಬಿಸಿನೆಸ್ ಬೆಲೆಯ ಪಕ್ಕ ಇಡುತ್ತಾರೆ. ಅದು ಸರಿಯಾದ ತೂಕ ಅಲ್ಲ. ಬಿಸಿನೆಸ್ ಟಿಕೆಟ್‌ನಲ್ಲಿ ಊಟ, ಸೀಟು ಆಯ್ಕೆ, ಜಾಸ್ತಿ ಲಗೇಜ್ ಸೇರಿರುತ್ತದೆ. ಎಕಾನಮಿಗೂ ಅದೆಲ್ಲ ಸೇರಿಸಿ, ಆಮೇಲೆ ನೋಡಿ.

ಒಂದು ಉದಾಹರಣೆ ಹಿಡಿಯೋಣ. ಅಂಕಿಗಳು ಲೆಕ್ಕ ತೋರಿಸುವುದಕ್ಕೆ ಮಾತ್ರ, ನಿಮ್ಮ ದಿನದ ದರ ಬೇರೆ ಇರುತ್ತದೆ. ಬೆಂಗಳೂರಿನಿಂದ ದಿಲ್ಲಿಗೆ ಎಕಾನಮಿ 7,000 ರೂಪಾಯಿ ಅಂದುಕೊಳ್ಳಿ. ಮುಂದಿನ ಸಾಲಿನ ಕಾಲು ಚಾಚುವ ಸೀಟಿಗೆ 1,800. ಊಟಕ್ಕೆ 500. ಹೆಚ್ಚುವರಿ 5 ಕೆಜಿ ಲಗೇಜ್‌ಗೆ 2,700. ಒಟ್ಟು 12,000 ಆಯಿತು. ಬಿಸಿನೆಸ್ 19,000 ಇದ್ದರೆ ನಿಜವಾದ ವ್ಯತ್ಯಾಸ 7,000. ಹಾರಾಟ ಎರಡು ಮುಕ್ಕಾಲು ತಾಸು. ತಾಸಿಗೆ ಸುಮಾರು 2,500 ರೂಪಾಯಿ ಬಿತ್ತು.

ಈಗ ಲಗೇಜ್ ಬೇಡ ಅನ್ನಿ. ಎಕಾನಮಿ 9,300ಕ್ಕೆ ನಿಲ್ಲುತ್ತದೆ. ವ್ಯತ್ಯಾಸ 9,700, ತಾಸಿಗೆ 3,500. ಅದೇ ವಿಮಾನ, ಅದೇ ಸೀಟು. ಒಂದು ಸೂಟ್‌ಕೇಸ್ ಇದ್ದರೆ ಯೋಚಿಸಬಹುದಾದ ಬೆಲೆ, ಇಲ್ಲದಿದ್ದರೆ ದುಬಾರಿ. ನಾನು ಇಟ್ಟುಕೊಂಡಿರುವ ಗೆರೆ ಇದು: ತಾಸಿಗೆ 2,500ರ ಒಳಗೆ ಬಂದರೆ ಯೋಚಿಸುತ್ತೇನೆ, ದಾಟಿದರೆ ಬಿಡುತ್ತೇನೆ. ನಿಮ್ಮ ಗೆರೆ ನಿಮ್ಮ ಜೇಬಿಗೆ ತಕ್ಕಂತೆ ಇರಲಿ, ಆದರೆ ಗೆರೆ ಒಂದಿರಲಿ.

ತೆರಿಗೆಯೂ ಈ ಲೆಕ್ಕದಲ್ಲಿ ಬರಬೇಕು. ಎಕಾನಮಿ ಟಿಕೆಟ್‌ಗೆ ಜಿಎಸ್‌ಟಿ 5 ಶೇಕಡ. ಬಿಸಿನೆಸ್‌ಗೆ ಮೊದಲು 12 ಇತ್ತು, 2025ರ ಸೆಪ್ಟೆಂಬರ್ 22ರಿಂದ 18 ಆಗಿದೆ. ಮೂಲ ದರ 15,000 ಇದ್ದರೆ ಒಂದಕ್ಕೆ 750 ರೂಪಾಯಿ ತೆರಿಗೆ, ಇನ್ನೊಂದಕ್ಕೆ 2,700. ಮೊದಲ ಪರದೆಯಲ್ಲಿ ಕಾಣುವ ಬೆಲೆ ನೋಡಿ ಖುಷಿಪಡಬೇಡಿ, ದುಡ್ಡು ಕಟ್ಟುವ ಕೊನೆಯ ಪರದೆಯ ಬೆಲೆಯನ್ನೇ ಹೋಲಿಸಿ. ತೊಗರಿ ವ್ಯಾಪಾರದವರು, ದಾಲ್ ಮಿಲ್‌ನವರು ಕೆಲಸದ ಮೇಲೆ ಹೋಗುವುದಿದ್ದರೆ ಬುಕ್ ಮಾಡುವಾಗಲೇ ಅಂಗಡಿಯ ಜಿಎಸ್‌ಟಿ ನಂಬರ್ ಹಾಕಿ. ಆಮೇಲೆ ಸೇರಿಸುವುದು ಬಹಳ ತಲೆನೋವು. ಆ ತೆರಿಗೆ ವಾಪಸ್ ಹೊಂದಿಸಿಕೊಳ್ಳಬಹುದಾ ಅಂತ ನಿಮ್ಮ ಲೆಕ್ಕಪರಿಶೋಧಕರನ್ನು ಕೇಳಿಕೊಳ್ಳಿ. ಹೊಂದುವುದಾದರೆ ಬಿಸಿನೆಸ್‌ನ ನಿಜವಾದ ಬೆಲೆ ಅಷ್ಟು ಇಳಿಯುತ್ತದೆ.

ಮೂರನೇ ದಾರಿಯೂ ಒಂದಿದೆ. ಕೆಲವು ಕಂಪನಿಗಳಲ್ಲಿ ಒಬ್ಬರೇ ಎರಡು ಸೀಟು ಕೊಳ್ಳಬಹುದು. ಇಂಡಿಗೋದಲ್ಲಿ ಈ ಸೌಲಭ್ಯ ಇದೆ. ದೇಹ ದೊಡ್ಡದಿದ್ದವರಿಗೆ, ಪಕ್ಕದಲ್ಲಿ ಯಾರೂ ಬೇಡ ಅನ್ನುವವರಿಗೆ ದರ ಇಳಿದಿರುವ ದಿನಗಳಲ್ಲಿ ಎರಡು ಎಕಾನಮಿ ಸೀಟು ಒಂದು ಬಿಸಿನೆಸ್ ಸೀಟಿಗಿಂತ ಅಗ್ಗ ಬೀಳುತ್ತದೆ.

ಅವ್ವ, ಅಪ್ಪ ಜೊತೆಗಿದ್ದರೆ

ಬಿಸಿನೆಸ್ ಕ್ಲಾಸ್ ಬೇಕು ಅಂತ ನಮ್ಮ ಕಡೆಯವರು ಕೇಳುವುದು ಹೆಚ್ಚಾಗಿ ತಮಗೋಸ್ಕರ ಅಲ್ಲ. ಮೊಣಕಾಲು ನೋವಿನ ಅವ್ವನನ್ನು ದಿಲ್ಲಿಯ ಮಗಳ ಮನೆಗೆ ಕರೆದೊಯ್ಯಬೇಕು, ಕಾಶಿಗೆ ಕರೆದೊಯ್ಯಬೇಕು, ಆಪರೇಷನ್ ಆದ ಅಪ್ಪನನ್ನು ವಾಪಸ್ ತರಬೇಕು. ಈ ಆಸೆಗೆ ನಾನು ಎದುರು ಹೇಳುವುದಿಲ್ಲ. ಆದರೆ ಕಷ್ಟ ಎಲ್ಲಿದೆ ಅಂತ ಸರಿಯಾಗಿ ನೋಡಬೇಕು.

ವಯಸ್ಸಾದವರಿಗೆ ಸೀಟಿಗಿಂತ ಜಾಸ್ತಿ ಕಷ್ಟ ಮೆಟ್ಟಿಲಿನದು. ಕಲಬುರಗಿಯಂಥ ಸಣ್ಣ ನಿಲ್ದಾಣದಲ್ಲಿ ಕಟ್ಟಡದಿಂದ ನೇರ ವಿಮಾನದೊಳಗೆ ನಡೆದುಹೋಗುವ ಏರೋಬ್ರಿಡ್ಜ್ ಇರುವುದಿಲ್ಲ. ಬಿಸಿಲಲ್ಲಿ ವಿಮಾನದ ತನಕ ಹೋಗಿ ಮೆಟ್ಟಿಲು ಹತ್ತಬೇಕು. ದೊಡ್ಡ ನಿಲ್ದಾಣದಲ್ಲೂ ಕಡಿಮೆ ದರದ ವಿಮಾನ ಎಷ್ಟೋ ಸಲ ದೂರ ನಿಂತಿರುತ್ತದೆ. ಬಸ್‌ನಲ್ಲಿ ಹೋಗಿ ಹತ್ತಬೇಕು. ಬಿಸಿನೆಸ್ ಟಿಕೆಟ್ ಇದ್ದರೂ ಮೆಟ್ಟಿಲು ಮೆಟ್ಟಿಲೇ. ಮೊದಲು ಹತ್ತಿಸುತ್ತಾರೆ, ಎತ್ತಿ ಕೂರಿಸುವುದಿಲ್ಲ.

ಅದಕ್ಕೆ ಉಪಾಯ ವೀಲ್‌ಚೇರ್. ನಡೆಯಲು ಕಷ್ಟ ಇರುವವರಿಗೆ ಯಾವ ಕ್ಲಾಸ್ ಟಿಕೆಟ್ ಇದ್ದರೂ ಇದು ಉಚಿತ. ಬುಕ್ ಮಾಡುವಾಗಲೇ ಕೇಳಿ, ಕಡೆಪಕ್ಷ ಎರಡು ದಿನ ಮೊದಲು ಹೇಳಿ. ಮೆಟ್ಟಿಲು ಹತ್ತಲು ಆಗುತ್ತದೋ ಇಲ್ಲವೋ ಅಂತ ಅವರು ಕೇಳುತ್ತಾರೆ. ಸಂಕೋಚಕ್ಕೆ ಆಗುತ್ತದೆ ಅಂದುಬಿಡಬೇಡಿ. ಆಗುವುದಿಲ್ಲ ಅಂದರೆ ಮಾತ್ರ ಮೇಲಕ್ಕೆ ಎತ್ತುವ ಗಾಡಿಯನ್ನೋ ಇಳಿಜಾರು ರ‍್ಯಾಂಪನ್ನೋ ಏರ್ಪಾಟು ಮಾಡುತ್ತಾರೆ. ಇಲ್ಲಿ ಇನ್ನೊಂದು ತೊಡಕು ನಮ್ಮವರದೇ. "ಅವ್ವಾ, ಕುರ್ಚಿ ಹೇಳೀನಿ, ಅದ್ರಾಗ ಕೂಡು" ಅಂದರೆ "ನನಗೇನಾಗ್ಯಾದ, ನಡೀತೀನಿ ಬಿಡು" ಅನ್ನುತ್ತಾರೆ. ಶಂಶಾಬಾದ್‌ನಂಥ ನಿಲ್ದಾಣದಲ್ಲಿ ಗೇಟ್ ತನಕ ಎಷ್ಟು ನಡೆಯಬೇಕು ಅನ್ನುವುದು ಮನೆಯಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ. ಊರಲ್ಲೇ ಮಾತಾಡಿ ಒಪ್ಪಿಸಿಕೊಂಡು ಹೊರಡಿ.

ಎಕಾನಮಿಯಲ್ಲೇ ಕಾಲು ಚಾಚುವ ಸೀಟು ಕೊಡಿಸುವುದಿದ್ದರೆ ಒಂದು ಎಚ್ಚರ. ಅಂಥ ಸೀಟು ಎರಡು ಕಡೆ ಇರುತ್ತದೆ, ಮೊದಲ ಸಾಲಿನಲ್ಲಿ ಮತ್ತು ತುರ್ತು ಬಾಗಿಲಿನ ಸಾಲಿನಲ್ಲಿ. ತುರ್ತು ಬಾಗಿಲ ಬಳಿ ವಯಸ್ಸಾದ ದುರ್ಬಲರನ್ನು, ಗರ್ಭಿಣಿಯರನ್ನು, ಮಕ್ಕಳನ್ನು ಕೂರಿಸುವುದಿಲ್ಲ. ಬಾಗಿಲು ತೆಗೆಯಬೇಕಾದ ಹೊತ್ತು ಬಂದರೆ ಅಲ್ಲಿ ಕೂತವರೇ ಸಹಾಯ ಮಾಡಬೇಕು, ಅದಕ್ಕೆ. ದುಡ್ಡು ಕೊಟ್ಟಿದ್ದರೂ ಎಬ್ಬಿಸಿ ಬೇರೆ ಕಡೆ ಕೂರಿಸುತ್ತಾರೆ. ಹಾಗಾಗಿ ಮೊದಲ ಸಾಲನ್ನೇ ಆರಿಸಿ. ಅಲ್ಲಿ ಊಟದ ತಟ್ಟೆ ಕೈಯಾಸರೆಯ ಒಳಗಿಂದ ಬರುತ್ತದೆ, ಕೈಯಾಸರೆ ಮೇಲಕ್ಕೆ ಏಳುವುದಿಲ್ಲ. ದಪ್ಪ ಇರುವವರಿಗೆ ಸೀಟು ಸ್ವಲ್ಪ ಬಿಗಿ ಅನಿಸುತ್ತದೆ. ಕಾಲ ಬಳಿ ಚೀಲ ಇಡಲೂ ಬಿಡುವುದಿಲ್ಲ, ಗುಳಿಗೆ ಡಬ್ಬಿ, ಕನ್ನಡಕ, ನೀರಿನ ಬಾಟಲಿ ಮೊದಲೇ ಕೈಗೆ ತೆಗೆದುಕೊಳ್ಳಿ.

ಇಷ್ಟೆಲ್ಲ ಮಾಡಿದ ಮೇಲೂ ಎರಡೂವರೆ ತಾಸಿನ ಹಾರಾಟಕ್ಕೆ ಅವ್ವನಿಗೆ ಬಿಸಿನೆಸ್ ಕೊಡಿಸಬೇಕು ಅನಿಸಿದರೆ ಕೊಡಿಸಿ. ಕೂರಲು, ಏಳಲು ಜಾಗ ಸಿಗುತ್ತದೆ, ಶೌಚಾಲಯ ಮುಂದೆಯೇ ಇರುತ್ತದೆ, ಕರೆದರೆ ಬೇಗ ಬರುತ್ತಾರೆ. ಒಂದೇ ಷರತ್ತು: ನೀವೂ ಪಕ್ಕದಲ್ಲೇ ಕೂರಬೇಕು. ತಾಯಿಯನ್ನು ಮುಂದೆ ಕೂರಿಸಿ ಮಗ ಇಪ್ಪತ್ತನೇ ಸಾಲಿನಲ್ಲಿ ಕೂತರೆ ಅವರಿಗೆ ಭಯವೇ ಜಾಸ್ತಿ. ಎರಡು ಬಿಸಿನೆಸ್ ಟಿಕೆಟ್ ಆಗದಿದ್ದರೆ ಇಬ್ಬರಿಗೂ ಎಕಾನಮಿಯ ಮೊದಲ ಸಾಲು ಒಳ್ಳೆಯದು.

ವಿಮಾನವೇ ಬದಲಾದರೆ

ಕಡಿಮೆ ದರದ ಕಂಪನಿಗಳ ಬಿಸಿನೆಸ್‌ನಲ್ಲಿ ಇದು ನಿಜವಾದ ಅಪಾಯ, ಆದರೂ ಇದರ ಬಗ್ಗೆ ಮಾತಾಡುವವರು ಕಡಿಮೆ. ಒಂದೇ ಕಂಪನಿಯಲ್ಲಿ ಕೆಲವು ವಿಮಾನಕ್ಕೆ ಬಿಸಿನೆಸ್ ಸೀಟು ಇದೆ, ಕೆಲವಕ್ಕೆ ಇಲ್ಲ. ನಿಮಗೆ ಬರಬೇಕಿದ್ದ ವಿಮಾನ ಕೆಟ್ಟರೆ ಇನ್ನೊಂದು ಕಳಿಸುತ್ತಾರೆ. ಅದು ಪೂರ್ತಿ ಎಕಾನಮಿ ಇದ್ದರೆ ನಿಮ್ಮ ಸೀಟು ಹೋಯಿತು.

ಹೀಗಾದಾಗ ನಿಮಗೆ ಹಕ್ಕಿದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2023ರ ಫೆಬ್ರವರಿ 15ರಿಂದ ಜಾರಿಗೆ ತಂದ ನಿಯಮ ಇದು. ನಿಮ್ಮ ಒಪ್ಪಿಗೆ ಇಲ್ಲದೆ ಕೆಳಗಿನ ಕ್ಲಾಸ್‌ಗೆ ಹಾಕಿದರೆ, ದೇಶದೊಳಗಿನ ಹಾರಾಟಕ್ಕೆ ತೆರಿಗೆ ಸಮೇತ ಟಿಕೆಟ್ ಬೆಲೆಯ 75 ಶೇಕಡ ವಾಪಸ್ ಕೊಡಬೇಕು. ಮೇಲಾಗಿ ನೀವು ಪ್ರಯಾಣವೂ ಮಾಡುತ್ತೀರಿ. ವಿದೇಶಕ್ಕಾದರೆ ದೂರ ನೋಡಿಕೊಂಡು 30, 50, 75 ಶೇಕಡ ಅಂತ ಇದೆ.

ಗೇಟ್‌ನಲ್ಲಿ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ. ನನ್ನ ಬಳಗದ ಒಬ್ಬರಿಗೆ ಹೀಗೇ ಆದಾಗ ಕಂಪನಿಯವರು ಮುಂದಿನ ಪ್ರಯಾಣಕ್ಕೆ ಒಂದು ವೋಚರ್ ಕೊಟ್ಟು ಕೈತೊಳೆದುಕೊಳ್ಳಲು ನೋಡಿದರು. ಅವರು ನಿಯಮ ಹೇಳಿ ಗಟ್ಟಿಯಾಗಿ ಕೇಳಿದ ಮೇಲೆ ದುಡ್ಡು ಬಂತು. ನೀವೂ ಹಾಗೇ ಮಾಡಿ. ಹೊಸ ಬೋರ್ಡಿಂಗ್ ಪಾಸ್ ಕೊಟ್ಟಾಗ ಹಳೆಯದರ ಫೋಟೋ ತೆಗೆದಿಟ್ಟುಕೊಳ್ಳಿ, ಕೆಳಗಿಳಿಸಿದ್ದನ್ನು ಬರವಣಿಗೆಯಲ್ಲಿ ಕೇಳಿ. ಕಂಪನಿ ಸ್ಪಂದಿಸದಿದ್ದರೆ ಸರ್ಕಾರದ ಏರ್‌ಸೇವಾದಲ್ಲಿ ದೂರು ಹಾಕಿ.

ಬುಕ್ ಮಾಡುವಾಗ ವಿಮಾನದ ಮಾದರಿ ಯಾವುದು ಅಂತಲೂ ನೋಡಿ. ಆಮೇಲೆ ಹಿಂದಿನ ದಿನ ಇನ್ನೊಮ್ಮೆ ತೆಗೆದು ಸೀಟಿನ ನಕ್ಷೆ ನೋಡಿ. ಮುಂದಿನ ಸಾಲು ಮಾಯವಾಗಿದ್ದರೆ ವಿಮಾನ ಬದಲಾಗಿದೆ ಅಂತ ಅರ್ಥ, ಆಗಲೇ ಫೋನ್ ಮಾಡಿ.

ಎಲ್ಲಿಂದ ಹತ್ತಬೇಕು

ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಶುರುವಾಯಿತು. ಬೀದರ್‌ನಲ್ಲಿ ವಾಯುಪಡೆಯ ನೆಲೆಯ ರನ್‌ವೇ ಬಳಸಿಕೊಂಡು 2020ರ ಫೆಬ್ರವರಿಯಲ್ಲಿ ನಾಗರಿಕ ವಿಮಾನ ಬಂತು, ಮಧ್ಯೆ ನಿಂತಿತು, 2025ರ ಏಪ್ರಿಲ್‌ನಲ್ಲಿ ಮತ್ತೆ ಶುರುವಾಯಿತು. ಯಾದಗಿರಿಗೆ ನಿಲ್ದಾಣ ಇಲ್ಲ. ಉಡಾನ್ ಯೋಜನೆಯಲ್ಲಿ ಕಂಪನಿಗಳ ನಷ್ಟ ತುಂಬಿಕೊಡುವ ನೆರವು ಮೂರು ವರ್ಷಕ್ಕೆ ಮಾತ್ರ. ಅದು ಮುಗಿದ ಮೇಲೆ ಸಣ್ಣ ಊರಿನ ವಿಮಾನಗಳು ಅಲುಗಾಡಲು ಶುರುವಾಗುತ್ತವೆ. ಆದ್ದರಿಂದ ನಮ್ಮ ಊರಿಂದಲೇ ಹತ್ತುವುದಿದ್ದರೆ ಆ ವಾರದ ವೇಳಾಪಟ್ಟಿ ನೋಡಿಯೇ ಮುಂದಿನ ಟಿಕೆಟ್ ಮಾಡಿ.

ಇಲ್ಲಿ ದೊಡ್ಡ ನಷ್ಟ ಆಗುವ ಜಾಗ ಒಂದಿದೆ. ಊರಿಂದ ಬೆಂಗಳೂರಿಗೆ ಒಂದು ಕಂಪನಿ, ಬೆಂಗಳೂರಿನಿಂದ ದಿಲ್ಲಿಗೆ ಇನ್ನೊಂದು ಕಂಪನಿಯ ಬಿಸಿನೆಸ್, ಎರಡು ಬೇರೆ ಬೇರೆ ಟಿಕೆಟ್. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಎರಡನೇ ಕಂಪನಿಗೆ ಸಂಬಂಧವಿಲ್ಲ. ನಿಮ್ಮನ್ನು ಬಾರದವರ ಪಟ್ಟಿಗೆ ಸೇರಿಸುತ್ತಾರೆ, ದುಬಾರಿ ಟಿಕೆಟ್ ಹೋದ ಹಾಗೆಯೇ. ಬೆಂಗಳೂರಿನಲ್ಲಿ ಎರಡು ಟರ್ಮಿನಲ್ ಬೇರೆ. ಇಳಿದು, ಲಗೇಜ್ ತಗೊಂಡು, ಶಟಲ್ ಬಸ್ ಹತ್ತಿ, ಮತ್ತೆ ತಪಾಸಣೆಗೆ ನಿಲ್ಲಬೇಕು. ಕಡೆಪಕ್ಷ ನಾಲ್ಕು ತಾಸು ಅಂತರ ಇಡಿ. ಅಷ್ಟು ಅಂತರ ಇಡಲು ಆಗದಿದ್ದರೆ ಎರಡನೆಯ ಟಿಕೆಟ್ ಬಿಸಿನೆಸ್ ಬೇಡ, ಹೋದರೂ ಸಣ್ಣ ಮೊತ್ತ ಹೋಗಲಿ.

ನನ್ನ ಕೇಳಿದರೆ ಹೆಚ್ಚಿನ ಪ್ರಯಾಣಕ್ಕೆ ಹೈದರಾಬಾದೇ ವಾಸಿ. ಬೀದರ್‌ನವರಿಗೆ ಜಹೀರಾಬಾದ್, ಸಂಗಾರೆಡ್ಡಿ ದಾಟಿ ವರ್ತುಲ ರಸ್ತೆ ಹಿಡಿದರೆ ಶಂಶಾಬಾದ್. ಕಲಬುರಗಿಯವರು ಹುಮನಾಬಾದ್ ಮೇಲೂ ಹೋಗಬಹುದು, ಸೇಡಂ, ಕೊಡಂಗಲ್, ಪರಿಗಿ, ಚೇವೆಳ್ಳ ಮೇಲೂ ಹೋಗಬಹುದು. ಯಾದಗಿರಿಯವರು ಮೆಹಬೂಬ್‌ನಗರದ ಕಡೆಯಿಂದ ಹೋದರೆ ಹೈದರಾಬಾದ್ ಊರೊಳಗೆ ಹೊಗುವ ಗೋಜೇ ಇಲ್ಲ, ನಿಲ್ದಾಣ ಮೊದಲು ಬರುತ್ತದೆ. ಬೀದರ್‌ನಿಂದ ಮೂರು ತಾಸು, ಉಳಿದೆರಡು ಕಡೆಯಿಂದ ನಾಲ್ಕೈದು ತಾಸು ಹಿಡಿಯಿರಿ. ಬೆಳಗಿನ ಆರರ ವಿಮಾನ ಇದ್ದರೆ ರಾತ್ರಿಯೆಲ್ಲ ಕಾರಿನಲ್ಲಿ ಕೂತು ಹೋಗಿ, ಎರಡು ತಾಸು ಬಿಸಿನೆಸ್‌ನಲ್ಲಿ ಒರಗುವುದರಲ್ಲಿ ಏನು ಸುಖ? ಅದೇ ದುಡ್ಡಿಗೆ ಹಿಂದಿನ ಸಂಜೆ ಹೋಗಿ ಶಂಶಾಬಾದ್‌ನಲ್ಲಿ ರೂಮು ಮಾಡಿ ಮಲಗಿ. ಎಕಾನಮಿಯಲ್ಲಿ ಕೂತರೂ ಮೈ ಹಗುರ ಇರುತ್ತದೆ.

ಬೆಂಗಳೂರಿಗೇ ಹೋಗುವುದಿದ್ದರೆ ರೈಲನ್ನೂ ತಕ್ಕಡಿಗೆ ಹಾಕಿ. ಕಲಬುರಗಿ–ಬೆಂಗಳೂರು ವಂದೇ ಭಾರತ್ 2024ರ ಮಾರ್ಚ್ 12ರಂದು ಉದ್ಘಾಟನೆ ಆಯಿತು. ಬೆಳಗಿನ ಜಾವ ಹೊರಟರೆ ಮಧ್ಯಾಹ್ನ ಮುಟ್ಟುತ್ತದೆ. ಅದರ ಎಕ್ಸಿಕ್ಯೂಟಿವ್ ಚೇರ್‌ನಲ್ಲಿ ಈ ಕಡೆ ಎರಡು, ಆ ಕಡೆ ಎರಡು ಅಗಲ ಸೀಟು, ಊಟ ಸಹಿತ. ಸುಮಾರು ಒಂಬತ್ತು ತಾಸು ಅನುಭವಿಸುವ ಸೌಕರ್ಯಕ್ಕೆ ದುಡ್ಡು ಕೊಡುವುದು ಒಂದು ತಾಸಿನ ಸೌಕರ್ಯಕ್ಕೆ ಕೊಡುವುದಕ್ಕಿಂತ ನ್ಯಾಯವಾದದ್ದು. ಸಮಯ ಇಲ್ಲ ಅನ್ನುವವರಿಗೆ ವಿಮಾನ ಸರಿ, ಆದರೆ ಎಕಾನಮಿ ಸಾಕು.

ಗಲ್ಫ್‌ಗೆ ಹೋಗುವವರ ಲೆಕ್ಕ ಬೇರೆ

ಬೀದರ್, ಕಲಬುರಗಿಯಿಂದ ದುಬೈ, ಸೌದಿಗೆ ದುಡಿಯಲು ಹೋದವರು, ಅವರನ್ನು ನೋಡಲು ಹೋಗುವ ಮನೆಯವರು ಬಹಳ. ಹೈದರಾಬಾದ್‌ನಿಂದ ದುಬೈಗೆ ಸುಮಾರು ನಾಲ್ಕು ತಾಸು, ಅದೂ ಹೆಚ್ಚಾಗಿ ಅಪರಾತ್ರಿಯ ವಿಮಾನ. ಇಲ್ಲಿ ಬಿಸಿನೆಸ್‌ಗೆ ಅರ್ಥ ಇದೆ. ಉದಾಹರಣೆಗೆ ಫ್ಲೈದುಬೈ ಕಂಪನಿಯ 737 ಮ್ಯಾಕ್ಸ್ ವಿಮಾನಗಳಲ್ಲಿ ಬಿಸಿನೆಸ್ ಸೀಟು ಪೂರ್ತಿ ಹಾಸಿಗೆಯಾಗುತ್ತದೆ. ಅದರ ಹಳೆಯ ವಿಮಾನಗಳಲ್ಲಿ ಕೆಲವಕ್ಕೆ ಒರಗುವ ಸೀಟು ಮಾತ್ರ. ಹಾಗಾಗಿ ಇಲ್ಲೂ ಮಾದರಿ ನೋಡಿಯೇ ದುಡ್ಡು ಕೊಡಿ. ಹೋಗುವಾಗ ಕೈ ಖಾಲಿ, ಬರುವಾಗ ಸಾಮಾನು ತುಂಬಿ ಬರುವವರು ಬರುವ ಟಿಕೆಟ್ ಒಂದನ್ನೇ ಬಿಸಿನೆಸ್ ಮಾಡಿಕೊಂಡರೆ ಲಗೇಜ್ ಲೆಕ್ಕದಲ್ಲೇ ಅರ್ಧ ದುಡ್ಡು ಹೊಂದುತ್ತದೆ.

ಲಗೇಜ್ ಮಾತು ಬಂದಾಗ ಇದನ್ನೂ ಹೇಳಬೇಕು. ಒಣ ಕೊಬ್ಬರಿ ಗಿಟುಕನ್ನು ಚೆಕ್‌ಇನ್ ಲಗೇಜ್‌ನಲ್ಲಿ ಹಾಕಬೇಡಿ, ತಾನಾಗಿ ಬೆಂಕಿ ಹೊತ್ತಿಕೊಳ್ಳಬಲ್ಲ ವಸ್ತು ಅಂತ ಅದಕ್ಕೆ ನಿಷೇಧ ಇದೆ. ಮಗಳ ಬಾಣಂತನಕ್ಕೆ ಅಂತ ಅಂಟಿನುಂಡಿ ಸಾಮಾನು ಕಟ್ಟಿಕೊಂಡು ಹೋಗುವವರ ಚೀಲ ತೆಗೆಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಉಂಡಿ ಮನೆಯಲ್ಲೇ ಕಟ್ಟಿ ಒಯ್ಯಿರಿ. ಬಿದರಿ ಹೂಜಿಯಂಥ ಕಾಣಿಕೆ ಭಾರ ಇರುತ್ತದೆ, ತೂಕ ನೋಡಿಕೊಂಡೇ ಯಾವ ಚೀಲಕ್ಕೆ ಹಾಕಬೇಕು ಅಂತ ನಿರ್ಧರಿಸಿ. ದೇಶದೊಳಗಿನ ಎಕಾನಮಿಯಲ್ಲಿ ಕೈಚೀಲ 7 ಕೆಜಿ, ಚೆಕ್‌ಇನ್ ಸಾಮಾನ್ಯವಾಗಿ 15 ಕೆಜಿ.

ಬೆಲೆ ಇಳಿಯುವ ಹೊತ್ತು

ಬಿಸಿನೆಸ್ ಬೇಕೇ ಬೇಕು ಅನಿಸಿದರೂ ಮೊದಲ ದಿನವೇ ಕೊಳ್ಳಬೇಡಿ. ಎಕಾನಮಿ ಟಿಕೆಟ್ ಮಾಡಿ, ಸೀಟಿನ ದುಡ್ಡು ಕಟ್ಟದೆ ಬಿಡಿ. ಮುಂದಿನ ಸೀಟು ಖಾಲಿ ಉಳಿದರೆ ಹಲವು ಕಂಪನಿಗಳು ವೆಬ್ ಚೆಕ್‌ಇನ್ ಹೊತ್ತಿಗೆ ಕಡಿಮೆ ಬೆಲೆಗೆ ಮೇಲಿನ ಕ್ಲಾಸ್ ತೋರಿಸುತ್ತವೆ. ಕೌಂಟರ್‌ನಲ್ಲೂ ಒಮ್ಮೆ ಬಾಯಿಬಿಟ್ಟು ಕೇಳಿ. ಸಿಗದಿದ್ದರೆ ಎಕಾನಮಿ ಹೇಗೂ ಇದೆ. ಆದರೆ ಜೊತೆಗೆ ವಯಸ್ಸಾದವರಿದ್ದರೆ ಈ ಕಾಯುವ ಆಟ ಬೇಡ, ಸೀಟು ಮೊದಲೇ ಗಟ್ಟಿ ಮಾಡಿಕೊಳ್ಳಿ.

ದುಡ್ಡು ಕಟ್ಟುವ ಮುಂಚೆ ಕೊನೆಯದಾಗಿ ರದ್ದತಿ ಮತ್ತು ದಿನ ಬದಲಾವಣೆಯ ಶುಲ್ಕ ನೋಡಿ. ಕೋರ್ಟ್ ಕೆಲಸ, ಆಸ್ಪತ್ರೆ ಕೆಲಸ, ಸರ್ಕಾರಿ ಕಚೇರಿ ಕೆಲಸದ ಮೇಲೆ ಹೋಗುವವರಿಗೆ ವಾಪಸ್ ಬರುವ ದಿನ ಕೈಯಲ್ಲಿ ಇರುವುದಿಲ್ಲ. ಕೆಲವು ಬಿಸಿನೆಸ್ ದರಗಳಲ್ಲಿ ದಿನ ಬದಲಿಸಲು ಶುಲ್ಕ ಕಡಿಮೆ ಇರುತ್ತದೆ. ಹಾಗಿದ್ದರೆ ಆ ಉಳಿತಾಯವನ್ನು ತಾಸಿನ ಲೆಕ್ಕದಲ್ಲಿ ಕಳೆಯಿರಿ, ಒಂದು ತಾಸಿನ ಹಾರಾಟಕ್ಕೂ ಬಿಸಿನೆಸ್ ಹೊಂದುವ ಅಪರೂಪದ ಸಂದರ್ಭ ಅದು. ಬಿಸಿನೆಸ್‌ನಲ್ಲೂ ಎಕಾನಮಿಯಷ್ಟೇ ಶುಲ್ಕ ಇದ್ದರೆ ಹೋಗುವ ಟಿಕೆಟ್ ಮಾತ್ರ ಮಾಡಿ, ಬರುವುದನ್ನು ಕೆಲಸ ಮುಗಿದ ಮೇಲೆ ಅಲ್ಲಿಂದಲೇ ಮಾಡಿ.